ಎಂಟು ಸೆಕೆಂಡು ಯಾರವು?

ಮೂಡಲಗಿಯಂಥ ಊರಿನಲ್ಲಿ ಕುಳಿತು ನಗರದ ರೈಲುಹಾದಿ ಹೇಗಿರಬೇಕು ಎಂದು ಯೋಚಿಸುವುದು ಕೆಲವರಿಗೆ ನಗೆ ತರಿಸೀತು. ನಮ್ಮೂರಿಗೆ ರೈಲೇ ಇಲ್ಲ. ರೈಲು ಹಿಡಿಯಬೇಕೆಂದರೆ ಘಟಪ್ರಭಾಕ್ಕೆ ಹೋಗಬೇಕು. ಆದರೆ ಆಸ್ಪತ್ರೆಗೆ, ಮಕ್ಕಳ ಕಾಲೇಜಿಗೆ, ಮದುವೆಯ ಜವಳಿಗೆ ಎಂದು ನಾವು ಧಾರವಾಡ, ಹುಬ್ಬಳ್ಳಿಗೆ ಹೋಗುತ್ತಲೇ ಇರುತ್ತೇವೆ. ಅಲ್ಲಿನ ರಸ್ತೆ ದಾಟುವಾಗ ನಾವು ಯಾವ ಊರಿನವರೆಂದು ಯಾರೂ ಕೇಳುವುದಿಲ್ಲ. ಹಸಿರು ದೀಪ ಎಷ್ಟು ಹೊತ್ತು ಉರಿಯಬೇಕೆಂಬುದನ್ನು ನಾವು ಕಾಣದ ಯಾರೋ ಒಬ್ಬರು ಮೊದಲೇ ನಿಶ್ಚಯಿಸಿರುತ್ತಾರೆ. ಆ ನಿಶ್ಚಯ ಬರೀ ಎಂಜಿನಿಯರಿಂಗ್ ಲೆಕ್ಕವೋ, ಅಥವಾ ಅದರಲ್ಲಿ ನ್ಯಾಯ-ಅನ್ಯಾಯದ ಮಾತೂ ಇದೆಯೋ ಎಂಬುದು ಈಚೆಗೆ ನನ್ನನ್ನು ಕಾಡುತ್ತಿರುವ ಪ್ರಶ್ನೆ.

ನಮಗೆ ಹತ್ತಿರದ ಉದಾಹರಣೆಯೆಂದರೆ ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಚಿಗರಿ. ಅದು ಬಸ್ಸೇ ನಿಜ, ಆದರೆ ಅದರ ಹಿಂದಿನ ವಿಚಾರ ರೈಲಿನದು. ಸುಮಾರು 22 ಕಿಲೋಮೀಟರ್ ಉದ್ದಕ್ಕೆ ರಸ್ತೆಯ ನಡುವೆ ಆ ಬಸ್ಸಿಗೆಂದೇ ಪ್ರತ್ಯೇಕ ಹಾದಿ, ಹಾದಿಯ ನಡುವೆಯೇ ನಿಲ್ದಾಣ, ಒಳಗೆ ಹೋಗುವ ಮೊದಲೇ ಟಿಕೀಟು, ಬಸ್ಸು ಬಂದಾಗ ತೆರೆದುಕೊಳ್ಳುವ ಬಾಗಿಲು. ಹಳಿಯೊಂದನ್ನು ಬಿಟ್ಟರೆ ಎಲ್ಲವೂ ರೈಲಿನ ವ್ಯವಸ್ಥೆಯೇ. ಈ ಉಪಾಯ 1974ರಲ್ಲಿ ಬ್ರೆಜಿಲ್ ದೇಶದ ಕುರಿಟಿಬಾ ನಗರದಲ್ಲಿ ಮೊದಲಾಗಿ, ಬೊಗೋಟಾ ಮುಂತಾದ ಊರುಗಳನ್ನು ಸುತ್ತಿ, 2009ರಲ್ಲಿ ಅಹಮದಾಬಾದಿಗೆ ಬಂತು. ನಮ್ಮ ಹುಬ್ಬಳ್ಳಿಯಲ್ಲಿ 2018ರ ಅಕ್ಟೋಬರಿನಲ್ಲಿ ಪ್ರಾಯೋಗಿಕವಾಗಿ ಬಸ್ಸು ಓಡತೊಡಗಿದವು; 2020ರ ಫೆಬ್ರವರಿಯಲ್ಲಿ ಅಂದಿನ ಉಪರಾಷ್ಟ್ರಪತಿ ವೆಂಕಯ್ಯ ನಾಯ್ಡು ಅವರಿಂದ ವಿಧ್ಯುಕ್ತ ಉದ್ಘಾಟನೆಯಾಯಿತು. ಇತ್ತೀಚೆಗೆ ಇದೇ ಹಾದಿಯಲ್ಲಿ ಚಿಗರಿಯ ಬದಲು ಟ್ರಾಮಿನಂಥ ಉದ್ದನೆಯ ವಿದ್ಯುತ್ ವಾಹನ ಓಡಿಸುವ ಮಾತೂ ಕೇಳಿಬಂದಿದೆ. ಹೊಸದನ್ನು ತರುವ ಮೊದಲು ಹಳೆಯದನ್ನು ತೂಗಿ ನೋಡುವುದು ಒಳ್ಳೆಯ ಸಂಸಾರದ ಪದ್ಧತಿಯಲ್ಲವೆ?

ಮೊದಲು ಒಳ್ಳೆಯದನ್ನು ಹೇಳಬೇಕು. 2019ರಲ್ಲಿ ನಮ್ಮ ಅತ್ತೆಯವರನ್ನು ಧಾರವಾಡದಿಂದ ಹುಬ್ಬಳ್ಳಿಗೆ ಚಿಗರಿಯಲ್ಲಿ ಕರೆದುಕೊಂಡು ಹೋಗಿದ್ದೆ. ಆಗ ಅವರಿಗೆ ಎಪ್ಪತ್ತಾರು ವರ್ಷ, ಎರಡೂ ಮೊಣಕಾಲಿನಲ್ಲಿ ನೋವು. ನಮ್ಮ ಕೆಂಪು ಬಸ್ಸಿನ ಮೊದಲ ಮೆಟ್ಟಿಲು ಎಷ್ಟು ಎತ್ತರವೆಂಬುದನ್ನು ನಾನು ನಿಮಗೆ ವಿವರಿಸಬೇಕಾಗಿಲ್ಲ. ಒಂದು ಕೈಯಲ್ಲಿ ಸೀರೆಯ ನಿರಿಗೆ, ಇನ್ನೊಂದರಲ್ಲಿ ಚೀಲ, ಹಿಂದಿನಿಂದ ನೂಕುವ ಜನ. ಅತ್ತೆಯವರು ಪ್ರತಿ ಸಲವೂ ದೇವರ ಹೆಸರು ಹೇಳಿಯೇ ಹತ್ತುತ್ತಿದ್ದರು. ಚಿಗರಿಯಲ್ಲಿ ನಿಲ್ದಾಣದ ಕಟ್ಟೆಯೂ ಬಸ್ಸಿನ ನೆಲವೂ ಒಂದೇ ಮಟ್ಟ. ಒಳಗೆ ಕಾಲಿಟ್ಟವರೇ, "ಯವ್ವಾ, ಇದು ನಮ್ಮನಿ ಹೊಸ್ತಿಲಾ ದಾಟಿದಂಗ ಆತಲ್ಲ!" ಎಂದರು. ಹುಬ್ಬಳ್ಳಿ ಮುಟ್ಟುವ ತನಕ ಆ ಮುಖದಲ್ಲಿದ್ದ ಸಮಾಧಾನ ನನಗಿನ್ನೂ ನೆನಪಿದೆ. ಬೇಗ ಹೋದೆವು, ತಂಪಾಗಿ ಹೋದೆವು ಎಂಬುದಕ್ಕಿಂತ, ಯಾರ ರಟ್ಟೆಯನ್ನೂ ಹಿಡಿಯದೆ ತಾವೇ ಹತ್ತಿದೆವು ಎಂಬುದು ಅವರಿಗೆ ದೊಡ್ಡದಾಗಿತ್ತು.

ಈ ಒಂದೇ ಮಟ್ಟದ ನೆಲ ಎಂಬುದು ತಾನಾಗಿ ಬಂದದ್ದಲ್ಲ. ಲಘು ರೈಲು ಎಂದರೆ ಮೆಟ್ರೋಗಿಂತ ಹಗುರವಾದ, ಬಹುಮಟ್ಟಿಗೆ ರಸ್ತೆಯ ಮಟ್ಟದಲ್ಲೇ ಓಡುವ, ಹಳೆಯ ಟ್ರಾಮಿನ ಮೊಮ್ಮಗಳು ಎನ್ನಬಹುದು. ಫ್ರಾನ್ಸ್ ದೇಶದ ನಾಂಟ್ ನಗರದಲ್ಲಿ 1985ರಲ್ಲಿ ಇಂಥದೊಂದು ಹೊಸ ಹಾದಿ ತೆರೆದಾಗ ಬಂಡಿಯ ನೆಲ ಎತ್ತರವಾಗಿತ್ತು, ಹತ್ತಲು ಮೆಟ್ಟಿಲು ಬೇಕಾಗಿತ್ತು. ಎರಡು ವರ್ಷದ ನಂತರ ಅದೇ ದೇಶದ ಗ್ರೆನೋಬಲ್ ನಗರದಲ್ಲಿ ಟ್ರಾಮು ಬರುವಾಗ ಅಲ್ಲಿನ ಅಂಗವಿಕಲರ ಸಂಘಟನೆಗಳು ಮೊದಲೇ ದನಿಯೆತ್ತಿದವು: ಗಾಲಿಕುರ್ಚಿಯಲ್ಲಿ ಕುಳಿತವರು ಹತ್ತಲಾಗದ ಬಂಡಿ ನಮ್ಮೂರಿಗೆ ಬೇಡ. ಹಾಗಾಗಿ 1987ರಲ್ಲಿ ತಗ್ಗು ನೆಲದ ಟ್ರಾಮು ಅಲ್ಲಿ ಓಡಿತು. ಯಾರಿಗಾಗಿ ಕೇಳಿದ್ದರೋ ಅವರಿಗಷ್ಟೇ ಅಲ್ಲ, ಕೂಸಿನ ಗಾಡಿ ನೂಕುವ ತಾಯಂದಿರಿಗೆ, ಸಂತೆಯ ಚೀಲ ಹೊತ್ತವರಿಗೆ, ಮೊಣಕಾಲು ನೋವಿನ ಮುದುಕರಿಗೆ ಎಲ್ಲರಿಗೂ ಅದು ಅನುಕೂಲವಾಯಿತು. ಅದಕ್ಕಿಂತ ನನಗೆ ಮೆಚ್ಚುಗೆಯಾದದ್ದು ನಾಂಟ್ ನಗರದವರ ನಡತೆ. ಆದದ್ದಾಯಿತು ಎಂದು ಅವರು ಕೈಚೆಲ್ಲಲಿಲ್ಲ. ಇದ್ದ ಬಂಡಿಗಳನ್ನೇ ನಡುವೆ ಬಿಡಿಸಿ, ತಗ್ಗು ನೆಲದ ಒಂದು ಹೊಸ ತುಂಡನ್ನು ಮಧ್ಯದಲ್ಲಿ ಸೇರಿಸಿದರು. ಬೆಳೆಯುವ ಹುಡುಗಿಯ ಲಂಗಕ್ಕೆ ಅಂಚು ಬಿಚ್ಚಿ ಪಟ್ಟಿ ಹಚ್ಚುತ್ತೇವಲ್ಲ, ಹಾಗೆ. ಕೋಟಿಗಟ್ಟಲೆ ಹಣ ಸುರಿದ ಮೇಲೆ ತಿದ್ದಲು ಬರುವುದಿಲ್ಲ ಎಂದು ಯಾರಾದರೂ ಹೇಳಿದರೆ ನನಗೆ ಆ ನಡುವಿನ ತುಂಡು ನೆನಪಾಗುತ್ತದೆ.

ಆದರೆ ಬಂಡಿಯ ಬಾಗಿಲಿನಲ್ಲಿ ಸುಖವಾಗಿದ್ದರೆ ಸಾಲದು, ಆ ಬಾಗಿಲ ತನಕ ಬರಬೇಕಲ್ಲ! ನಿಲ್ದಾಣ ರಸ್ತೆಯ ನಡುವೆ ಇದ್ದಲ್ಲೆಲ್ಲ, ಹುಬ್ಬಳ್ಳಿಯಿರಲಿ, ಅಹಮದಾಬಾದಿರಲಿ, ಬೊಗೋಟಾ ಇರಲಿ, ಹೋಗುವವರೂ ಬರುವವರೂ ಅರ್ಧ ರಸ್ತೆಯನ್ನು ದಾಟಲೇಬೇಕು. ಬಸ್ಸಿನ ಹಾದಿಗೆ ಜಾಗ ಮಾಡಲು ರಸ್ತೆಯನ್ನು ಅಗಲ ಮಾಡಿರುತ್ತಾರೆ. ಅಗಲವಾದ ರಸ್ತೆಯಲ್ಲಿ ವಾಹನಗಳು ಇನ್ನೂ ಜೋರಾಗಿ ಓಡುತ್ತವೆ. ಬಂಡಿಗೆ ಒಳ್ಳೆಯದಾದದ್ದು ನಡೆಯುವವರಿಗೆ ಕಷ್ಟವಾಗಿ ಕೂರುತ್ತದೆ.

ನಾನು ಗಣಿತ ಕಲಿಸುವವಳು. ಆದ್ದರಿಂದ ಇದನ್ನು ಲೆಕ್ಕವಾಗಿಯೇ ಇಡುತ್ತೇನೆ. ನಡೆಯುವವರಿಗೆ ಹಸಿರು ದೀಪ ಎಷ್ಟು ಹೊತ್ತು ಇರಬೇಕೆಂದು ಗೊತ್ತುಮಾಡುವಾಗ ಸಾಮಾನ್ಯವಾಗಿ ಮನುಷ್ಯ ಸೆಕೆಂಡಿಗೆ 1.2 ಮೀಟರ್ ನಡೆಯುತ್ತಾನೆ ಎಂದು ಹಿಡಿಯುತ್ತಾರೆ. ಇಂಗ್ಲೆಂಡಿನಲ್ಲಿ ಅರವತ್ತೈದು ದಾಟಿದವರ ನಡಿಗೆಯನ್ನು ಅಳೆದ ಒಂದು ಅಧ್ಯಯನ 2012ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ಆ ವಯಸ್ಸಿನ ಗಂಡಸರ ಸರಾಸರಿ ನಡಿಗೆ ಸೆಕೆಂಡಿಗೆ 0.9 ಮೀಟರ್, ಹೆಂಗಸರದು 0.8 ಮೀಟರ್. ಈಗ ನಿಲ್ದಾಣ ಮುಟ್ಟಲು 20 ಮೀಟರ್ ದಾಟಬೇಕೆಂದು ಇಟ್ಟುಕೊಳ್ಳಿ. ಲೆಕ್ಕದ ಮನುಷ್ಯನಿಗೆ ಸುಮಾರು 17 ಸೆಕೆಂಡು ಸಾಕು. ಅಜ್ಜಿಗೆ 25 ಸೆಕೆಂಡು ಬೇಕು. ನಡುವೆ ಉಳಿಯುವುದು ಎಂಟು ಸೆಕೆಂಡು. ಆ ಎಂಟು ಸೆಕೆಂಡಿನಲ್ಲಿ ಆಕೆ ನಿಲ್ದಾಣಕ್ಕೆ ಆರು ಮೀಟರಿಗಿಂತ ತುಸು ಹೆಚ್ಚು ದೂರದಲ್ಲಿ, ರಸ್ತೆಯ ಮೇಲೆ ಇರುತ್ತಾಳೆ. ದೀಪ ಕೆಂಪಾಗಿರುತ್ತದೆ, ವಾಹನಗಳು ಹೊರಟಿರುತ್ತವೆ.

ಒಂಬತ್ತನೆಯ ತರಗತಿಯಲ್ಲಿ ವೇಗ-ದೂರದ ಲೆಕ್ಕ ಮಾಡಿಸುವಾಗ ಇದನ್ನೇ ಹಲಗೆಯ ಮೇಲೆ ಬರೆದೆ. ನಂತರ ಕೇಳಿದೆ: "ಅಜ್ಜಿಗೆ ಎಂಟು ಸೆಕೆಂಡು ಹೆಚ್ಚು ಕೊಟ್ಟರೆ, ಬರುತ್ತಿರುವ ಬಸ್ಸು ಎಂಟು ಸೆಕೆಂಡು ನಿಲ್ಲಬೇಕು. ಬಸ್ಸಿನಲ್ಲಿ ಅರವತ್ತು ಜನ ಇದ್ದಾರೆ. ಅರವತ್ತು ಎಂಟಲೆ 480 ಸೆಕೆಂಡು, ಅಂದರೆ ಎಂಟು ನಿಮಿಷ. ಒಬ್ಬ ಅಜ್ಜಿಯ ಎಂಟು ಸೆಕೆಂಡಿಗಾಗಿ ಅರವತ್ತು ಜನರ ಎಂಟು ನಿಮಿಷ ಕಳೆಯುವುದು ಸರಿಯೇ?"

ಹುಡುಗಿಯರು ಮೊದಲು ನಕ್ಕರು, ಆಮೇಲೆ ಜಗಳಕ್ಕೇ ನಿಂತರು. ಒಬ್ಬಳು ಎದ್ದು, "ಎಂಟು ಸೆಕೆಂಡಿನಾಗ ಬಸ್ಸಿನಾಗಿನವ್ರದು ಏನ್ ಹೋಗತೈತ್ರಿ ಅಕ್ಕೋರ? ಕುಂತಾರ, ಕುಂತಿರ್ಲಿ" ಎಂದಳು. ಅವಳ ಹಿಂದಿನ ಬೆಂಚಿನವಳು ಸುಮ್ಮನಿರಲಿಲ್ಲ: "ಹೆರಿಗಿಗೆ ಹೊಂಟಾಕಿ ಆ ಬಸ್ಸಿನಾಗ ಇದ್ರ?" ಆ ಪ್ರಶ್ನೆಯನ್ನು ನಾನು ತೆಗೆದುಹಾಕಲಾರೆ. ವೇಗವೂ ಒಂದು ಧರ್ಮವೇ. ಬೆಳಗ್ಗೆ ಐದಕ್ಕೆ ಎದ್ದು ಅಡಿಗೆ ಮಾಡಿಟ್ಟು ಬಸ್ಸು ಹಿಡಿಯುವ ದಾದಿಗೆ, ಸಂಜೆ ಅಂಗನವಾಡಿಯಿಂದ ಮಗುವನ್ನು ಕರೆದುಕೊಳ್ಳಬೇಕಾದವಳಿಗೆ ದಿನಕ್ಕೆ ಹತ್ತು ನಿಮಿಷ ಉಳಿದರೆ ಅದು ಚಿನ್ನ. ಪ್ರತಿ ದಾಟಿನಲ್ಲೂ ಎಂಟೆಂಟು ಸೆಕೆಂಡು ನಿಲ್ಲಿಸಿದರೆ ಬಸ್ಸು ಮತ್ತೆ ಹಳೆಯ ಬಸ್ಸೇ ಆದೀತು. ಆಗ ಇಷ್ಟೆಲ್ಲ ಖರ್ಚು ಮಾಡಿ ಪ್ರತ್ಯೇಕ ಹಾದಿ ಹಾಕಿದ್ದು ಏಕೆ?

ತಲೆ ಎಣಿಸುವುದೇ ತಪ್ಪು ಎಂದೂ ನಾನು ಹೇಳಲಾರೆ. ದಿಲ್ಲಿಯಲ್ಲಿ ಅಂಬೇಡ್ಕರ್ ನಗರದಿಂದ ಮೂಲ್‌ಚಂದದವರೆಗೆ 2008ರಲ್ಲಿ ಇಂಥದೇ ಬಸ್ ಹಾದಿ ಮಾಡಿದರು. ಕಾರಿನವರಿಗೆ ಜಾಗ ಕಡಿಮೆಯಾಯಿತೆಂದು ಕೂಗು ಎದ್ದಿತು. 2016ರಲ್ಲಿ ಅದನ್ನು ಕಿತ್ತುಹಾಕಿದರು. ಅದರಲ್ಲಿ ಬೇರೆ ದೋಷಗಳೂ ಇದ್ದವು. ಆದರೆ ಒಂದು ಕಾರಿನಲ್ಲಿ ಒಬ್ಬರೋ ಇಬ್ಬರೋ ಕೂತಿರುವಾಗ, ಒಂದು ಬಸ್ಸಿನಲ್ಲಿ ಐವತ್ತು-ಅರವತ್ತು ಜನ ನಿಂತಿರುತ್ತಾರೆ ಎಂಬ ಸರಳ ಎಣಿಕೆಗೆ ಅಲ್ಲಿ ಬೆಲೆ ಬರಲಿಲ್ಲ. ತಲೆ ಎಣಿಸಿದ್ದರೆ ಬಡವರಿಗೆ ನ್ಯಾಯ ಸಿಗುತ್ತಿತ್ತು. ಹಾಗಾದರೆ ಅಲ್ಲಿ ಎಣಿಕೆ ಬೇಕು, ಅಜ್ಜಿಯ ಮುಂದೆ ಎಣಿಕೆ ಬೇಡ ಎಂದರೆ ಅದು ಇಬ್ಬಂದಿತನವಾಗುವುದಿಲ್ಲವೆ?

ಇದನ್ನು ಬಹಳ ದಿನ ಮನಸ್ಸಿನಲ್ಲಿ ಇಟ್ಟುಕೊಂಡು ತಿರುವಿದ್ದೇನೆ. ನನಗೆ ತೋಚುವುದು ಇಷ್ಟು. ಒಂದೇ ಜಾತಿಯ ನಷ್ಟಗಳನ್ನು ಕೂಡಿಸಬಹುದು. ಕಾರಿನವನ ಹೊತ್ತು, ಬಸ್ಸಿನವನ ಹೊತ್ತು, ಎರಡೂ ಹೊತ್ತೇ. ಕೂಡಿಸಿ ಕಳೆದು ನೋಡೋಣ. ಆದರೆ ಬಸ್ಸಿನೊಳಗಿನ ಅರವತ್ತು ಜನ ಕಳೆದುಕೊಳ್ಳುವುದು ಎಂಟು ಸೆಕೆಂಡು. ಅಜ್ಜಿ ಕಳೆದುಕೊಳ್ಳುವುದು ಎಂಟು ಸೆಕೆಂಡಲ್ಲ. ಆಕೆ ಕಳೆದುಕೊಳ್ಳುವುದು ಹೋಗುವುದನ್ನೇ. ಒಂದೆರಡು ಸಲ ಎದೆ ಹೊಡೆದುಕೊಂಡ ಮೇಲೆ, "ನಾ ಒಲ್ಲೆ, ನೀವ ಹೋಗಿ ಬರ್ರಿ" ಎಂದು ಮನೆಯಲ್ಲಿ ಕುಳಿತುಬಿಡುತ್ತಾಳೆ. ನಮ್ಮ ಓಣಿಯಲ್ಲಿ ಒಬ್ಬರಿದ್ದಾರೆ. ಒಂದು ದೊಡ್ಡ ಊರಿನಲ್ಲಿರುವ ಮಗಳ ಮನೆಯಿಂದ ಗುಡಿಗೆ ಹೋಗಲು ಒಂದೇ ರಸ್ತೆ ದಾಟಬೇಕು. ಅದಕ್ಕೆ ಹೆದರಿ ಅವರು ಮಗಳ ಮನೆಗೆ ಹೋಗಿ ಇರುವುದನ್ನೇ ಬಿಟ್ಟಿದ್ದಾರೆ. ಇದು ಯಾವ ಲೆಕ್ಕದ ಪುಸ್ತಕದಲ್ಲೂ ಬರುವುದಿಲ್ಲ. ದಾಟುವವರನ್ನು ಎಣಿಸಲು ಬಂದವನು ದಾಟಲು ಬಂದವರನ್ನು ಎಣಿಸಿಯಾನು. ಹೆದರಿ ಬಾರದೆ ಉಳಿದವರನ್ನು ಎಲ್ಲಿಂದ ಎಣಿಸುತ್ತಾನೆ? ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂಬ ಗಾದೆಯಲ್ಲಿ ಹಿರಿಯರು ಇದನ್ನೇ ಹೇಳಿದ್ದಾರೆ. ಚೆಲ್ಲಾಟವನ್ನೂ ಪ್ರಾಣಸಂಕಟವನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಲು ಬರುವುದಿಲ್ಲ.

ಇದಕ್ಕೆ ಕೆಲವರು ಕೊಡುವ ಉತ್ತರ ಪಾದಚಾರಿ ಮೇಲ್ಸೇತುವೆ. ಬಸ್ಸೂ ನಿಲ್ಲುವುದು ಬೇಡ, ಅಜ್ಜಿಗೂ ಅಪಾಯವಿಲ್ಲ. ಕೇಳಲು ಚೆನ್ನ. ಆದರೆ ಲಾರಿಗಳು ಕೆಳಗೆ ಹಾಯಬೇಕಾದರೆ ಸೇತುವೆ ಐದೂವರೆ ಮೀಟರ್ ಎತ್ತರದಲ್ಲಿರಬೇಕು. ಒಂದೊಂದು ಮೆಟ್ಟಿಲು 15 ಸೆಂಟಿಮೀಟರ್ ಎಂದರೂ ನಲವತ್ತರ ಸುಮಾರು ಮೆಟ್ಟಿಲು ಹತ್ತಬೇಕು, ಅಷ್ಟನ್ನೇ ಇಳಿಯಬೇಕು. ಲಿಫ್ಟ್ ಇದ್ದರೆ ಸರಿ. ಕರೆಂಟು ಹೋದರೆ, ಕೀಲಿ ಹಾಕಿದ್ದರೆ? ಇಲ್ಲಿ ಕೇಳಬೇಕಾದ ಪ್ರಶ್ನೆ ಬೇರೆ. ಒಂದು ಎಂಜಿನ್ ಇರುವ ಗಾಡಿ, ಒಂದು ಮೊಣಕಾಲು ನೋವಿನ ಮುದುಕಿ ಎದುರುಬದುರಾದಾಗ, ಹತ್ತಿ ಇಳಿಯುವ ಶ್ರಮ ಯಾರ ಪಾಲಿಗೆ ಬರಬೇಕು? ಗಾಡಿಯವನು ಕಾಲಿನಿಂದ ಬ್ರೇಕ್ ಒತ್ತಿದರೆ ಮುಗಿಯಿತು. ಮನೆಯಲ್ಲಿ ನೀರಿನ ಕೊಡವನ್ನು ಯಾರು ಹೊರಬೇಕೆಂದಾಗ ಅಜ್ಜಿಯ ತಲೆಗೆ ಇಡುತ್ತೇವೆಯೆ? ಕಸುವಿದ್ದವರು ಹೊರಬೇಕು. ಮನೆಯಲ್ಲಿ ಗೊತ್ತಿರುವ ಈ ಧರ್ಮ ರಸ್ತೆಗೆ ಬಂದ ಕೂಡಲೆ ನಮಗೆ ಮರೆತುಹೋಗುತ್ತದೆ.

ತರಗತಿಯಲ್ಲಿ ಅಂದು ಕೊನೆಗೆ ಮಾತಾಡಿದವಳು ಮೂಲೆಯಲ್ಲಿ ಕೂರುವ ಹುಡುಗಿ. "ನಡಕ ಒಂದು ಕಟ್ಟಿ ಕಟ್ಟಿದ್ರ ಸಾಕಲ್ರಿ ಅಕ್ಕೋರ. ಅಜ್ಜಿ ಅರ್ಧ ದಾಟಿ ಅಲ್ಲೇ ನಿಂದರ್ತಾಳ." ಎಲ್ಲರೂ ಲೆಕ್ಕ ಮಾಡಿದರು. ಹತ್ತು ಮೀಟರಿಗೆ ಅಜ್ಜಿಗೆ ಹನ್ನೆರಡೂವರೆ ಸೆಕೆಂಡು. ಈಗಿರುವ 17 ಸೆಕೆಂಡಿನೊಳಗೇ ಆಕೆ ಕಟ್ಟೆಯ ಮೇಲೆ ಭದ್ರವಾಗಿ ನಿಂತಿರುತ್ತಾಳೆ. ಮತ್ತೊಮ್ಮೆ ಹಸಿರಾದಾಗ ಉಳಿದರ್ಧ. ಬಸ್ಸಿಗೆ ಒಂದು ಸೆಕೆಂಡೂ ನಷ್ಟವಿಲ್ಲ. ರಸ್ತೆ ಎಂಜಿನಿಯರುಗಳಿಗೂ ಇದು ಗೊತ್ತಿರುವ ಉಪಾಯವೇ, ಹಲವು ದೇಶಗಳಲ್ಲಿ ಬಳಕೆಯಲ್ಲೂ ಇದೆ. ಅಜ್ಜಿ ಒಂದು ಸರದಿ ಹೆಚ್ಚು ಕಾಯಬೇಕು, ನಿಜ. ಆದರೆ ಕಾಯುವುದು ಬೇರೆ, ಹೆದರುವುದು ಬೇರೆ. ನಮ್ಮ ಹೆಂಗಸರಿಗೆ ಕಾಯುವುದು ಹೊಸದಲ್ಲ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ದಾಟುವಲ್ಲಿ ರಸ್ತೆಯನ್ನೇ ಕಾಲುದಾರಿಯ ಮಟ್ಟಕ್ಕೆ ಎತ್ತರಿಸಿದರೆ ವಾಹನಗಳು ತಾವಾಗಿಯೇ ನಿಧಾನವಾಗುತ್ತವೆ. ಹಸಿರು ದೀಪದ ಲೆಕ್ಕವನ್ನು 1.2ರ ಬದಲು 0.8ಕ್ಕೆ ಹಿಡಿದರೆ ಕಟ್ಟೆಯ ಮೇಲೆ ನಿಲ್ಲುವ ಅಗತ್ಯವೂ ಬಾರದು. ನ್ಯಾಯ ಬೇಕೋ ವೇಗ ಬೇಕೋ ಎಂದು ನಮ್ಮನ್ನು ಕೇಳುವಾಗ, ಎಷ್ಟೋ ಸಲ ಎರಡೂ ಸಿಗುವ ಮೂರನೆಯ ದಾರಿಯನ್ನು ಯಾರೂ ಹುಡುಕಿಯೇ ಇರುವುದಿಲ್ಲ. ಹುಡುಕದೆ ಇರುವುದು ಕೈತಪ್ಪಲ್ಲ, ಅಲಕ್ಷ್ಯ. ತಪ್ಪನ್ನು ಕ್ಷಮಿಸಬಹುದು, ಅಲಕ್ಷ್ಯವನ್ನು ಎತ್ತಿ ತೋರಿಸಲೇಬೇಕು.

ಈ ಅಲಕ್ಷ್ಯ ಹುಟ್ಟುವುದು ಎಲ್ಲಿಂದ? ನಕ್ಷೆ ಬರೆಯುವವರ ಕಣ್ಣ ಮುಂದೆ ಒಬ್ಬ ಪ್ರಯಾಣಿಕ ಇರುತ್ತಾನೆ. ಅವನು ಗಟ್ಟಿಮುಟ್ಟಾದವನು, ಒಂಟಿ, ಕೈಯಲ್ಲಿ ಒಂದು ಬ್ಯಾಗು. ಬೆಳಗ್ಗೆ ಕಚೇರಿಗೆ, ಸಂಜೆ ಮನೆಗೆ. ಆಸ್ಟ್ರಿಯಾ ದೇಶದ ವಿಯೆನ್ನಾ ನಗರದಲ್ಲಿ 1990ರ ದಶಕದಲ್ಲಿ ಜನರ ಓಡಾಟವನ್ನು ಕುರಿತು ಕೇಳಿ ಬರೆಸಿಕೊಂಡರಂತೆ. ಗಂಡಸರು ಬೇಗ ಬರೆದು ಮುಗಿಸಿದರು: ಕೆಲಸಕ್ಕೆ ಹೋಗುತ್ತೇನೆ, ಬರುತ್ತೇನೆ. ಹೆಂಗಸರ ಬರವಣಿಗೆ ಮುಗಿಯಲೇ ಇಲ್ಲ: ಮಗುವನ್ನು ಡಾಕ್ಟರ ಹತ್ತಿರ, ಅಲ್ಲಿಂದ ಶಾಲೆಗೆ, ನಂತರ ಕೆಲಸಕ್ಕೆ, ಬರುವಾಗ ತರಕಾರಿ, ಆಮೇಲೆ ತಾಯಿಯನ್ನು ನೋಡಲು. ಅದನ್ನು ಓದಿದ ಮೇಲೆ ಆ ನಗರದವರು ಕಾಲುದಾರಿಗಳನ್ನು ಅಗಲ ಮಾಡಿದರು, ದೀಪಗಳನ್ನು ಹೆಚ್ಚಿಸಿದರು, ಮೆಟ್ಟಿಲಿದ್ದಲ್ಲಿ ಇಳಿಜಾರು ಸೇರಿಸಿದರು. ಮೂಡಲಗಿಯ ಹೆಂಗಸರನ್ನು ಕೇಳಿದರೂ ಇದೇ ಉತ್ತರ ಬಂದೀತು, ಒಂದಿಷ್ಟು ಸೋದರಮಾವನ ಮನೆ, ಒಂದಿಷ್ಟು ಹಿಟ್ಟಿನ ಗಿರಣಿ ಸೇರಿಸಿ. ಕೇಳಿದವರಿಲ್ಲ, ಅಷ್ಟೆ.

ನಮ್ಮ ದೇಶದಲ್ಲಿ ಕಾಯಿದೆಗೇನೂ ಕೊರತೆಯಿಲ್ಲ. ಅಂಗವಿಕಲರ ಹಕ್ಕುಗಳ ಕಾಯಿದೆ 1995ರಲ್ಲಿ ಬಂತು. 2016ರಲ್ಲಿ ಅದರ ಬದಲು ಇನ್ನೂ ವಿಸ್ತಾರವಾದದ್ದು ಬಂದು, ಬಸ್ಸು, ರೈಲು, ನಿಲ್ದಾಣಗಳು ಎಲ್ಲರೂ ಬಳಸುವಂತಿರಬೇಕೆಂದು ಹೇಳಿತು. ಆದರೆ ಕಾಯಿದೆ ಅಜ್ಜಿಯ ನಡಿಗೆಯನ್ನು ಅಳೆಯಲು ಬರುವುದಿಲ್ಲ. ಅಳೆಯಬೇಕಾದವರು ಮನುಷ್ಯರು.

ಹುಬ್ಬಳ್ಳಿ-ಧಾರವಾಡದ ಹಾದಿಯಲ್ಲಿ ಮುಂದೆ ಚಿಗರಿಯೇ ಇರುತ್ತದೋ, ಉದ್ದನೆಯ ಟ್ರಾಮು ಬರುತ್ತದೋ, ಹಳಿಯೇ ಬೀಳುತ್ತದೋ, ಅದನ್ನು ಬಲ್ಲವರು ಚರ್ಚಿಸಲಿ. ಹಳಿಗೆ ಒಂದು ಗುಣವಿದೆ: ಬಂಡಿ ಪ್ರತಿ ಸಲವೂ ಕಟ್ಟೆಗೆ ಅಷ್ಟೇ ಹತ್ತಿರ ನಿಲ್ಲುತ್ತದೆ. ಬಸ್ಸಾದರೆ ಚಾಲಕನ ಕೈ ಒಂದಿಷ್ಟು ಆಚೆ ಹೋದರೂ ನಡುವೆ ಕಾಲು ಸಿಗುವಷ್ಟು ಸಂದು ಬೀಳುತ್ತದೆ. ಇಂಥವು ನಿಜವಾದ ಭೇದಗಳು. ಆದರೆ ಯಾವ ಬಂಡಿ ಬಂದರೂ ನಿಲ್ದಾಣ ರಸ್ತೆಯ ನಡುವೆಯೇ ಇರುತ್ತದೆ, 20 ಮೀಟರ್ 20 ಮೀಟರೇ ಆಗಿರುತ್ತದೆ. ಬಂಡಿಯ ಬಣ್ಣ ಬದಲಾದ ಮಾತ್ರಕ್ಕೆ ಅಜ್ಜಿಯ ಮೊಣಕಾಲು ಬದಲಾಗುವುದಿಲ್ಲ. ಹೊಸ ಬಂಡಿಗೆ ಕೋಟಿ ಕೋಟಿ ಇಡುವವರು ಮೊದಲು ಆ 20 ಮೀಟರನ್ನು ಸರಿಮಾಡಲಿ ಎಂದು ಕೇಳುವುದು ಅತಿಯಾಸೆಯಲ್ಲ.

ನಾವು ಪಟ್ಟಣದ ಹೆಂಗಸರು ಇದರಲ್ಲಿ ಏನು ಮಾಡಬಲ್ಲೆವು ಎನ್ನುವಿರೇನೋ. ಒಂದು ಕೆಲಸ ಮಾಡಬಹುದು. ನಮ್ಮೂರುಗಳಲ್ಲೂ ರಸ್ತೆಗಳು ಅಗಲವಾಗುತ್ತಿವೆ, ನಡುವೆ ಗೋಡೆ ಏಳುತ್ತಿದೆ. ಗೋಕಾಕದಲ್ಲಿ, ಹುಕ್ಕೇರಿಯಲ್ಲಿ, ನಮ್ಮ ಮೂಡಲಗಿಯಲ್ಲಿ ಇಂದಲ್ಲ ನಾಳೆ ಇದೇ ಪ್ರಶ್ನೆ ಬರುತ್ತದೆ. ನಿಮ್ಮ ಮನೆಯ ಹಿರಿಯರು ಅಂಗಳದಲ್ಲಿ ಹತ್ತು ಮೀಟರ್ ನಡೆಯಲು ಎಷ್ಟು ಸೆಕೆಂಡು ಬೇಕೆಂದು ಗಡಿಯಾರ ನೋಡಿ ಬರೆದಿಡಿ. ಹತ್ತು ಮನೆಯವರು ಬರೆದಿಟ್ಟರೆ ಅದೊಂದು ಪಟ್ಟಿಯಾಗುತ್ತದೆ. ರಸ್ತೆಯ ಕೆಲಸದ ಮಾತು ಬಂದಾಗ ಆ ಪಟ್ಟಿಯನ್ನು ಮುಂದಿಟ್ಟು, "ದೀಪದ ಲೆಕ್ಕವನ್ನು ಯಾರ ನಡಿಗೆಗೆ ಹಿಡಿದಿದ್ದೀರಿ?" ಎಂದು ಕೇಳಿ. ಅದಕ್ಕೆ ಅವರು ಏನು ಉತ್ತರ ಕೊಡುತ್ತಾರೆಂಬುದನ್ನೂ ಅದೇ ಹಾಳೆಯಲ್ಲಿ ಕೆಳಗೆ ಬರೆದುಕೊಳ್ಳಿ.